ಮರಳು

ಬಾಷಾ ನಗರದ ಮಂಡಕ್ಕಿ ಭಟ್ಟಿಯಲ್ಲಿ
ನಾನು ಮೂಟೆ ತೂಗುವವನು.
ಹೆಸರು ಕೃಪಾನಿಧಿ.
ಖಲಂದರ್ ಸಾಬರು ಬರೀ ‘ನಿಧಿ’ ಅಂತಾರೆ,
ಜೇಬಲ್ಲಿ ಎಂಟಾಣೆ ಇಲ್ಲದ ನಿಧಿ ಅಂತ ನಗ್ತಾರೆ.

ನಸುಕಿಗೆ ಮುಂಚೆ ಒಲೆ ಹೊತ್ತುತ್ತದೆ.
ಉಪ್ಪುನೀರು ಕುಡಿದ ಅಕ್ಕಿ
ಕೆಂಡದಂಥ ಮರಳಿಗೆ ಬಿದ್ದದ್ದೇ ತಡ
ಚಟಪಟ ಚಟಪಟ,
ಹಿಡಿಯಷ್ಟಿದ್ದದ್ದು ಮೊರ ತುಂಬುತ್ತದೆ.
ಮೂಟೆ ನೋಡಿದರೆ ಆಳೆತ್ತರ,
ತಕ್ಕಡಿಗೆ ಇಟ್ಟರೆ ಮಗುವಿನಷ್ಟೂ ಇಲ್ಲ.
ಇಪ್ಪತ್ತು ವರ್ಷ ನಾನು ತೂಗಿದ್ದು
ಹೆಚ್ಚುಕಮ್ಮಿ ಗಾಳಿಯನ್ನೇ.

ಬದುಕಿದ್ದೂ ಹಾಗೇ.
ಬಟವಾಡೆಯ ಸಂಜೆ ಟಾಕೀಸು, ಆಮೇಲೆ ಓಸಿ ಚೀಟಿ,
ಆಮೇಲೆ ರೈಲ್ವೆ ಗೇಟಿನ ಹಿಂದೆ ಅರ್ಧ ಬಾಟಲಿ.
ಎಲ್ಲ ಉಬ್ಬುತ್ತಿತ್ತು, ಅರಳುತ್ತಿತ್ತು,
ಬೆಳಗಾದರೆ ನಾಲಿಗೆಯ ಮೇಲೆ ಉಪ್ಪು ಮಾತ್ರ.
ಅವ್ವ ಮಾಡಿಸಿದ ದೀಕ್ಷಾಸ್ನಾನ
ಎಂದೋ ಒಣಗಿ ಹೋಗಿತ್ತು ನೆತ್ತಿಯ ಮೇಲೆ.

ಜರಡಿ ಹಿಡಿಯುವವಳು ತಬಿತಮ್ಮ.
ಎಡಗಣ್ಣಿಗೆ ಹೊಗೆ ಹತ್ತಿ ಪೊರೆ ಬಂದಿತ್ತು.
ಮಂಡಕ್ಕಿ ಮೇಲೆ, ಮರಳು ಕೆಳಗೆ,
ಅವಳ ಗಂಟಲಲ್ಲಿ ಏನೋ ಒಂದು ಸಣ್ಣ ಗುನುಗು.
ಉಪದೇಶ ಗಿಪದೇಶ ಇಲ್ಲ.
ಊಟದ ಹೊತ್ತಿಗೆ ರೊಟ್ಟಿ ಮುರಿದು
ಅರ್ಧ ನನ್ನ ಕಡೆ ನೂಕುತ್ತಿದ್ದಳು,
ಕೇಳದೆ, ಮುಖವನ್ನೂ ನೋಡದೆ,
ಹಳೇ ಬಾಕಿ ತೀರಿಸುವವಳ ಹಾಗೆ.

ಒಂದು ದಿನ ಕೆಣಕಿದೆ:
‘ನಿನಗೇ ಸಾಲಲ್ಲ, ನನಗ್ಯಾಕೆ ಕೊಡ್ತಿ?’
‘ಸಾಲಲ್ಲ ಅಂತ ಯಾರು ಹೇಳಿದ್ದು?’ ಅಂದಳು
ಸೆರಗಿನ ಜೋಳದ ಪುಡಿ ಕೊಡವುತ್ತ.
‘ನಂಗೆ ಸಾಕಾಗೈತೆ ಕಣೋ.’

ಸಾಕಾಗೈತೆ.
ನಾವೆಲ್ಲ ದಿನಾ ಅನ್ನುವ ಮಾತೇ,
ಬೆನ್ನು ನೊಂದಾಗ, ಬಡ್ಡಿಯವನು ಬಂದಾಗ,
ಈ ಜೀವ ಸಾಕಾಗೈತೆ ಅಂತ.
ಅವಳ ಬಾಯಲ್ಲಿ ಅದು
ತುಂಬಿದ ಕೊಡ ಇಳಿಸಿದಂತೆ ಕೇಳಿಸಿತು.
ತೂಗುವವನಿಗೆ ತೂಕ ತಿಳಿಯುತ್ತದೆ.

ಆ ಭಾನುವಾರ ಹೋದೆ.
ಮುಚ್ಚಿದ ಹತ್ತಿ ಗಿರಣಿಯ ಹಿಂದೆ ತಗಡಿನ ಸಭೆ.
ಚಪ್ಪಲಿಗಳ ಹತ್ತಿರ ಕೂತೆ,
ಓಡಿಹೋಗಲು ಸುಲಭವಾಗಲಿ ಅಂತ.
ಬಿಸಿಲಿಗೆ ಕಾದ ತಗಡು ಟಿಕ್ ಟಿಕ್ ಅನ್ನುತ್ತಿತ್ತು.
ಸಭಾಪಾಲಕರ ಕನ್ನಡದಲ್ಲಿ ತೆಲುಗು ಬೆರೆತಿತ್ತು;
ಅರ್ಧ ಅರ್ಥವಾಯಿತು, ಅರ್ಧಕ್ಕೆ ಆಕಳಿಸಿದೆ.
ಆಕಾಶ ಗೀಕಾಶ ಬಿರಿಯಲಿಲ್ಲ.

ಮೂರು ತಿಂಗಳಾದ ಮೇಲೆ ಅಂಗೈಗೆ ಬಂದದ್ದು
ಉಗುರಿನಷ್ಟು ರೊಟ್ಟಿ.
ಗುಬ್ಬಿಗೂ ಸಾಲದು ಅಂದುಕೊಂಡೆ.
ಆದರೆ ಅದಕ್ಕೆ ತೂಕವಿತ್ತು.
ಯಾವ ತಕ್ಕಡಿಗೂ ಹೇಳಬರದು.
ಕೈ ತಾನಾಗಿ ಕೆಳಗಿಳಿಯಿತು,
ಹಿಂದೆಯೇ ತಲೆ.

ಸುಳ್ಳು ಹೇಳಲಾರೆ.
ಕುಡಿತ ಬಿಡಲು ಇನ್ನೂ ಎರಡು ಮಳೆಗಾಲ ಹಿಡಿಯಿತು.
ಹಸಿವು ಈಗಲೂ ಹನ್ನೊಂದಕ್ಕೆ ಬರುತ್ತದೆ. ಸಂಬಳ ಅಷ್ಟೇ.
ಕೆಲವು ರಾತ್ರಿ ಪ್ರಾರ್ಥನೆ ಒಲೆಯ ಹೊಗೆಯಂತೆ
ಸೂರಿಗೆ ಬಡಿದು ಕಣ್ಣಿಗೇ ಬರುತ್ತದೆ.
ಆದರೂ ಎದೆಯ ತಳದಲ್ಲಿ ಒಂದು ಕಡೆ
ಅವನು ಏನನ್ನೋ ಇಳಿಸಿಟ್ಟಿದ್ದಾನೆ,
ಎತ್ತಲು ಹೋದರೆ ಅಲುಗುವುದಿಲ್ಲ.

‘ಏನಪ್ಪಾ, ಮುಂಗಡ ಕೇಳೋದೇ ಮರೆತೆಯಲ್ಲ,
ನಿಧಿ ಗಿಧಿ ಸಿಕ್ತಾ?’ ಅಂದರು ಸಾಬರು,
ಶುಕ್ರವಾರದ ಟೋಪಿ ತಲೆಗೇರಿಸುತ್ತ.
ಏನು ಹೇಳಲಿ. ನಕ್ಕೆ. ಅವರೂ ನಕ್ಕರು,
ಗೊತ್ತಿದ್ದವರ ಹಾಗೆ.

ತಬಿತಮ್ಮನಿಗೆ ಈಗ ಬಲಗಣ್ಣೂ ಮಂಜು.
ಜರಡಿ ನನ್ನ ಕೈಗೆ ಬಂದಿದೆ.
ಮಂಡಕ್ಕಿ ಪೇಟೆಗೆ ಹೋಗುತ್ತದೆ,
ಸಂಜೆಗೆ ಮಿರ್ಚಿಯ ಜತೆ ಮುಗಿದೂ ಹೋಗುತ್ತದೆ.
ಕೆಳಗೆ ಉಳಿದದ್ದು
ಕಪ್ಪಾಗಿ, ಬಿಸಿಯಾಗಿ, ಯಾರೂ ಕೊಳ್ಳದ್ದು,
ಅದೇ ಮರಳು.
ಬಾಚಿ ಬಾಣಲೆಗೆ ಸುರಿಯುತ್ತೇನೆ.
ಮರಳು, ಅನ್ನುತ್ತದೆ ಅದು ಬೀಳುವಾಗ,
ಮರಳು, ಮರಳು.